ದವಾ-ದುವಾಗಳ ನಡುವೆ ಶ್ರೀರಂಗಪಟ್ಟಣ

ಶ್ರೀರಂಗಪಟ್ಟಣದ ಗುಂಬಜ್‌ಗೆ ಬರುವ ಪ್ರವಾಸಿಗರು ಕಪ್ಪು ಕಂಬಗಳನ್ನು ಮುಟ್ಟಿ ನೋಡಿ, ಒಳಗಿನ ಮೂರು ಸಮಾಧಿಗಳಿಗೆ ಕೈಮುಗಿದು ಹೊರಟುಬಿಡುತ್ತಾರೆ. ಮಧ್ಯದಲ್ಲಿ ಮಲಗಿರುವ ಹೈದರಾಲಿ ಸತ್ತದ್ದು ಯುದ್ಧದ ಗಾಯದಿಂದಲ್ಲ, ಬೆನ್ನಿನ ಮೇಲೆ ಎದ್ದ ಒಂದು ಹುಣ್ಣಿನಿಂದ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. 1782ರ ಕೊನೆ. ಇಂಗ್ಲಿಷರ ಮೇಲಿನ ಯುದ್ಧ ಇನ್ನೂ ಮುಗಿದಿರಲಿಲ್ಲ. ಚಿತ್ತೂರಿನ ಬಳಿಯ ಬಿಡಾರದಲ್ಲಿ ಹೈದರ್ ಹಾಸಿಗೆ ಹಿಡಿದಿದ್ದ. ಮೈಸೂರಿನ ಇತಿಹಾಸ ಬರೆದ ಕರ್ನಲ್ ಮಾರ್ಕ್ ವಿಲ್ಕ್ಸ್ ಹೇಳುವಂತೆ ಅವನ ಸುತ್ತ ಮೂರು ಬಗೆಯ ವೈದ್ಯರಿದ್ದರು: ಹಿಂದೂ ಪಂಡಿತರು, ಮುಸಲ್ಮಾನ ಹಕೀಮರು, ಫ್ರೆಂಚ್ ಡಾಕ್ಟರುಗಳು. ದೊಡ್ಡ ಮನುಷ್ಯರಿಗೇ ಬರುವ ಕಾಯಿಲೆ ಎಂದು ಪಂಡಿತರು ಅದನ್ನು ರಾಜಹುಣ್ಣೆಂದರು. ಏಡಿಯ ಆಕಾರದಲ್ಲಿ ಹಬ್ಬಿದ್ದರಿಂದ ಹಕೀಮರು ‘ಸರ್ತಾನ್’ ಎಂದರು. ಅರಬ್ಬಿಯಲ್ಲಿ ಸರ್ತಾನ್ ಎಂದರೆ ಏಡಿ. ಯೂರೋಪಿನವರ ‘ಕ್ಯಾನ್ಸರ್’ ಎಂಬ ಲ್ಯಾಟಿನ್ ಪದಕ್ಕೂ ಅದೇ ಅರ್ಥ. ಹೆಸರಿಡುವುದರಲ್ಲಿ ಇಷ್ಟು ಹತ್ತಿರವಿದ್ದ ವೈದ್ಯರಿಗೆ ಹುಣ್ಣನ್ನು ವಾಸಿ ಮಾಡಲು ಮಾತ್ರ ಆಗಲಿಲ್ಲ. ಡಿಸೆಂಬರ್ 7ರಂದು ಹೈದರ್ ತೀರಿಕೊಂಡ.

ಇಸ್ಲಾಂ ಮತ್ತು ವೈದ್ಯ ಎಂಬ ಮಾತು ಬಂದಾಗಲೆಲ್ಲ ಈ ಬಿಡಾರದ ಚಿತ್ರ ನೆನಪಾಗುತ್ತದೆ. ಮುಸ್ಲಿಮರು ತಾಯತ, ಮಂತ್ರಿಸಿದ ನೀರುಗಳನ್ನೇ ನಂಬುತ್ತಾರೆ, ಆಧುನಿಕ ವೈದ್ಯಕೀಯಕ್ಕೆ ಅವರ ಧರ್ಮವೇ ಅಡ್ಡಿ ಎಂಬ ಮಾತು ನಮ್ಮ ಕಡೆ ಆಗಾಗ ಕೇಳಿಬರುತ್ತದೆ. ಅದಕ್ಕೆ ಎದುರಾಗಿ, ಎಲ್ಲ ಔಷಧಿಯೂ ಪವಿತ್ರ ಗ್ರಂಥದಲ್ಲೇ ಇದೆ ಎನ್ನುವವರೂ ಇದ್ದಾರೆ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಆಸುಪಾಸಿನ ಇನ್ನೂರೈವತ್ತು ವರ್ಷಗಳ ಇತಿಹಾಸವನ್ನು ಕೆದಕಿದರೆ ಈ ಎರಡೂ ಮಾತು ನಿಲ್ಲುವುದಿಲ್ಲ.

ಯುನಾನಿ ಎಂದರೆ ಗ್ರೀಕ್

ಮೊದಲು ಹೆಸರಿನ ವಿಚಾರ. ನಾವು ಮುಸಲ್ಮಾನರ ವೈದ್ಯವೆಂದು ಕರೆಯುವ ಯುನಾನಿಯ ಹೆಸರೇ ಗ್ರೀಸಿನದು. ‘ಅಯೋನಿಯಾ’ ಎಂಬುದು ಅರಬ್ಬರ ಬಾಯಲ್ಲಿ ‘ಯುನಾನ್’ ಆಯಿತು. ಅದರ ಮೂಲ ಗುರುಗಳಾದ ಹಿಪ್ಪೊಕ್ರಾಟಿಸ್ ಮತ್ತು ಗೇಲನ್ ಇಸ್ಲಾಂ ಹುಟ್ಟುವ ಎಷ್ಟೋ ಶತಮಾನಗಳ ಹಿಂದಿನವರು. ಹಕೀಮರ ಪುಸ್ತಕಗಳಲ್ಲಿ ಇವರೇ ಬುಕ್ರಾತ್ ಮತ್ತು ಜಾಲೀನೂಸ್. ಬಾಗ್ದಾದಿನಲ್ಲಿ ಗ್ರೀಕ್ ಗ್ರಂಥಗಳನ್ನು ಅರಬ್ಬಿಗೆ ತಂದವರಲ್ಲಿ ಮುಖ್ಯನಾದ ಹುನೈನ್ ಇಬ್ನ್ ಇಸ್‌ಹಾಕ್ ಕ್ರೈಸ್ತ. ಅದೇ ಬಾಗ್ದಾದಿನ ಆಸ್ಥಾನದಲ್ಲಿ ನಮ್ಮ ಸುಶ್ರುತ ಸಂಹಿತೆಯೂ ಅರಬ್ಬಿಗೆ ಹೋಯಿತು. ಸುಮಾರು 850ರಲ್ಲಿ ಅಲಿ ಇಬ್ನ್ ರಬ್ಬನ್ ಅಲ್ ತಬರಿ ಬರೆದ ವೈದ್ಯಕೋಶದಲ್ಲಿ ಭಾರತೀಯ ವೈದ್ಯಕ್ಕೆಂದೇ ಬೇರೆ ಅಧ್ಯಾಯಗಳಿವೆ. ಇಬ್ನ್ ಸೀನಾ (980-1037) ಇದೆಲ್ಲವನ್ನೂ ಒಂದು ಶಾಸ್ತ್ರವಾಗಿ ಕಟ್ಟಿದ. ಅವನ ‘ಕಾನೂನ್’ ಯೂರೋಪಿನ ವಿಶ್ವವಿದ್ಯಾಲಯಗಳಲ್ಲೂ ಹದಿನೇಳನೆಯ ಶತಮಾನದವರೆಗೆ ಪಠ್ಯವಾಗಿತ್ತು. ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಎಂಬ ನಾಲ್ಕು ದ್ರವಗಳ ಹದ ತಪ್ಪಿದರೆ ರೋಗ ಬರುತ್ತದೆ ಎಂಬುದು ಇದರ ತಳಹದಿ. ವಾತ, ಪಿತ್ತ, ಕಫಗಳ ಮಾತು ಕೇಳಿ ಬೆಳೆದ ನಮ್ಮ ಹಳ್ಳಿಗರಿಗೆ ಹಕೀಮರ ಮಾತು ಪರಕೀಯ ಎನಿಸದೆ ಇದ್ದುದರಲ್ಲಿ ಆಶ್ಚರ್ಯವಿಲ್ಲ.

ಹಾಗಾದರೆ ಇದರಲ್ಲಿ ಇಸ್ಲಾಮಿನದು ಯಾವುದು? ರೋಗವನ್ನು ಕೊಟ್ಟ ದೇವರು ಮದ್ದನ್ನೂ ಕೊಟ್ಟಿದ್ದಾನೆ, ಆದ್ದರಿಂದ ಚಿಕಿತ್ಸೆ ಮಾಡಿಸಿಕೊಳ್ಳಿ ಎಂಬ ಅರ್ಥದ ಪ್ರವಾದಿ ವಚನವನ್ನು ಎಲ್ಲ ಪಂಥದವರೂ ಒಪ್ಪುತ್ತಾರೆ. ಕಾಯಿಲೆ ಬಿದ್ದ ತಮ್ಮ ಅನುಯಾಯಿಯೊಬ್ಬರನ್ನು ಪ್ರವಾದಿಯವರು ಹಾರಿಸ್ ಇಬ್ನ್ ಕಲದಾ ಎಂಬ ವೈದ್ಯನ ಬಳಿಗೆ ಕಳುಹಿಸಿದ ಪ್ರಸಂಗವೂ ಹದೀಸ್‌ನಲ್ಲಿದೆ. ಆ ವೈದ್ಯ ಮುಸ್ಲಿಮನಾಗಿದ್ದ ಎಂಬುದಕ್ಕೆ ಖಚಿತ ಆಧಾರವಿಲ್ಲ. ಹೀಗಾಗಿ ವೈದ್ಯನ ಧರ್ಮ ಕೇಳಬೇಕಿಲ್ಲ, ಅವನಿಗೆ ವಿದ್ಯೆ ತಿಳಿದಿದ್ದರೆ ಸಾಕು ಎಂದು ಧರ್ಮಶಾಸ್ತ್ರಜ್ಞರು ಇದರಿಂದ ತೀರ್ಮಾನ ತೆಗೆದರು.

ಭಿನ್ನಾಭಿಪ್ರಾಯ ಶುರುವಾಗುವುದು ಮುಂದಿನ ಹೆಜ್ಜೆಯಲ್ಲಿ. ಜೇನು, ಕರಿಜೀರಿಗೆ, ರಕ್ತ ತೆಗೆಸುವ ಹಿಜಾಮಾ ಮುಂತಾದವುಗಳ ಬಗ್ಗೆ ಪ್ರವಾದಿಯವರು ಹೇಳಿದರೆನ್ನುವ ಮಾತುಗಳೆಲ್ಲ ಒಟ್ಟುಗೂಡಿ ‘ತಿಬ್ಬೆ ನಬವಿ’ ಎಂಬ ಪ್ರತ್ಯೇಕ ವೈದ್ಯಸಾಹಿತ್ಯವೇ ಬೆಳೆಯಿತು. 1350ರಲ್ಲಿ ತೀರಿಕೊಂಡ ದಮಾಸ್ಕಸ್‌ನ ಇಬ್ನ್ ಕಯ್ಯಿಮ್ ಬರೆದದ್ದು ಇವುಗಳಲ್ಲಿ ಬಹು ಪ್ರಸಿದ್ಧ. ಆದರೆ ಅವನ ನಂತರದ ಪೀಳಿಗೆಯ ಇತಿಹಾಸಕಾರ ಇಬ್ನ್ ಖಲ್ದೂನ್ (1332-1406) ನೇರವಾಗಿಯೇ ಬೇರೆ ಮಾತು ಹೇಳಿದ. ಆ ಚಿಕಿತ್ಸೆಗಳು ಮರುಭೂಮಿಯ ಅಲೆಮಾರಿ ಅರಬ್ಬರ ಮನೆಮದ್ದು, ದೈವವಾಣಿಯ ಭಾಗವಲ್ಲ. ಪ್ರವಾದಿ ಬಂದದ್ದು ಧರ್ಮ ಕಲಿಸಲು, ವೈದ್ಯ ಕಲಿಸಲು ಅಲ್ಲ ಎಂಬುದು ಅವನ ನಿಲುವು. ಹದಿನಾಲ್ಕನೆಯ ಶತಮಾನದ ಒಬ್ಬ ಕಾಜಿ ಹೀಗೆ ಬರೆದಿದ್ದ ಎಂದರೆ, ಧರ್ಮವೆಲ್ಲಿ ವೈದ್ಯವೆಲ್ಲಿ ಎಂಬ ಚರ್ಚೆಯನ್ನು ಬ್ರಿಟಿಷರು ತಂದದ್ದಲ್ಲ ಎಂದಾಯಿತು.

ನಮ್ಮ ನಾಡಿಗೆ ಬಂದ ಹಕೀಮರಿಗೆ ಮತ್ತೊಂದು ತೊಡಕಿತ್ತು. ಗ್ರಂಥದಲ್ಲಿರುವ ಗಿಡಮೂಲಿಕೆಗಳು ಇಲ್ಲಿ ಸಿಗುವುದಿಲ್ಲ, ಸಿಕ್ಕರೂ ಹೆಸರು ಬೇರೆ, ಇಲ್ಲಿಯವರ ಮೈಗೆ ಒಗ್ಗುವುದೂ ಕಷ್ಟ. 1512ರಲ್ಲಿ ದಿಲ್ಲಿಯ ಸಿಕಂದರ್ ಲೋದಿಯ ಮಂತ್ರಿ ಮಿಯಾನ್ ಭುವಾ ಸಂಸ್ಕೃತ ವೈದ್ಯಗ್ರಂಥಗಳ ಸಾರವನ್ನು ಪರ್ಷಿಯನ್‌ಗೆ ಇಳಿಸಿದ್ದು ಈ ಕಾರಣದಿಂದಲೇ. ಕರ್ನಾಟಕದಲ್ಲಿ ಆ ಕೆಲಸ ಮಾಡಿದವನು ವಿಜಯಪುರದ ಎರಡನೇ ಇಬ್ರಾಹಿಂ ಆದಿಲ್‌ಶಾಹಿಯ ಆಸ್ಥಾನದಲ್ಲಿದ್ದ ಫೆರಿಷ್ತಾ. ಚರಿತ್ರಕಾರನೆಂದು ನಾವು ಶಾಲೆಯಲ್ಲಿ ಓದಿದ ಅದೇ ಫೆರಿಷ್ತಾ. ಭಾರತೀಯ ವೈದ್ಯವನ್ನು ವಿವರಿಸುವ ‘ದಸ್ತೂರುಲ್ ಅತಿಬ್ಬಾ’ ಎಂಬ ಪರ್ಷಿಯನ್ ಗ್ರಂಥ ಅವನದು. ಇದನ್ನು ನಮ್ಮ ಪಠ್ಯಪುಸ್ತಕಗಳು ಏಕೋ ಹೇಳುವುದೇ ಇಲ್ಲ.

ಸುಲ್ತಾನನ ಕಪಾಟಿನಲ್ಲಿ

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿತ್ತು. ಅರಮನೆಯ ಒಡವೆ, ಸಿಂಹಾಸನದ ಚೂರುಗಳ ಜೊತೆಗೆ ಇಂಗ್ಲಿಷರಿಗೆ ಸುಮಾರು 2,000 ಸಂಪುಟಗಳ ಒಂದು ಪುಸ್ತಕ ಭಂಡಾರವೂ ಸಿಕ್ಕಿತು. ಅದರಲ್ಲಿ ಬಹಳಷ್ಟು ಸವಣೂರು, ಕಡಪ, ಕರ್ನಾಟಿಕ್‌ಗಳಿಂದ ಹೈದರ್ ಮತ್ತು ಟಿಪ್ಪು ಕೊಳ್ಳೆ ಹೊಡೆದು ತಂದದ್ದು. ಕೊಳ್ಳೆಯ ಮಾಲು ಇನ್ನೊಮ್ಮೆ ಕೊಳ್ಳೆಯಾಯಿತು ಎನ್ನಬೇಕು. ಚಾರ್ಲ್ಸ್ ಸ್ಟೂವರ್ಟ್ ಎಂಬ ವಿದ್ವಾಂಸ ಇವುಗಳಿಗೆ ಪಟ್ಟಿ ಮಾಡಿ 1809ರಲ್ಲಿ ಕೇಂಬ್ರಿಜ್‌ನಲ್ಲಿ ಪ್ರಕಟಿಸಿದ. ಆ ಪಟ್ಟಿಯಲ್ಲಿ ಕಾವ್ಯದ ಪುಸ್ತಕಗಳು 190, ಇತಿಹಾಸದವು 118, ಸೂಫಿ ತತ್ವದವು 115. ವೈದ್ಯದ ಪುಸ್ತಕಗಳು 62. ಗಣಿತಕ್ಕೆ ಸಂಬಂಧಿಸಿದವು ಕೇವಲ 7 ಎಂಬುದನ್ನು ನೋಡಿದರೆ ವೈದ್ಯಕ್ಕಿದ್ದ ಸ್ಥಾನ ಅರ್ಥವಾಗುತ್ತದೆ.

ಈ 62ರಲ್ಲಿ ಒಂದರ ಕಡೆ ಕಣ್ಣು ಹಾಯಿಸಬೇಕು. ಟಿಪ್ಪುವಿಗೆಂದೇ ಬರೆದು ಅರ್ಪಿಸಿದ ‘ಬಹರುಲ್ ಮನಾಫೆ’ ಎಂಬ ಗ್ರಂಥವದು. ಹೆರಿಗೆ, ಹಸುಗೂಸುಗಳ ಆರೈಕೆ, ಮಕ್ಕಳ ಕಾಯಿಲೆಗಳ ಜೊತೆಯಲ್ಲೇ ದೆವ್ವ ಬಿಡಿಸುವುದು, ಮಾಟಕ್ಕೆ ಪರಿಹಾರ ಮುಂತಾದ ವಿಷಯಗಳೂ ಅದರಲ್ಲಿವೆ. ಇನ್ನೊಂದು ಕಡೆ ಅದೇ ಕಪಾಟಿನಲ್ಲಿ ಲಂಡನ್ನಿನ ಔಷಧಿಕೋಶದ ಪರ್ಷಿಯನ್ ಅನುವಾದ. ಒಬ್ಬನೇ ಓದುಗ, ಒಂದೇ ಕಪಾಟು. ಒಂದು ಪುಸ್ತಕದಲ್ಲಿ ದೆವ್ವ ಬಿಡಿಸುವ ಕ್ರಮ, ಪಕ್ಕದ ಪುಸ್ತಕದಲ್ಲಿ ಇಂಗ್ಲಿಷ್ ಔಷಧಿಗಳ ಅಳತೆ. ಇದು ಗೊಂದಲವೆಂದು ಇಂದು ನಮಗೆ ಕಾಣಬಹುದು. ಆದರೆ ಬೆಳಿಗ್ಗೆ ಮಗುವನ್ನು ತಾಲ್ಲೂಕು ಆಸ್ಪತ್ರೆಗೆ ತೋರಿಸಿ, ಸಂಜೆ ದೃಷ್ಟಿ ತೆಗೆಸುವ ತಾಯಿ ಮಾಡುವುದೂ ಅದನ್ನೇ ಅಲ್ಲವೇ?

ಟಿಪ್ಪುವಿಗೆ ತಾನೂ ಅರ್ಧ ವೈದ್ಯನೆಂಬ ನಂಬಿಕೆಯಿತ್ತು. ವಿಲಿಯಂ ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಇಂಗ್ಲಿಷಿಗೆ ತಂದ ಅವನ ಪತ್ರಗಳಲ್ಲಿ ಅಧಿಕಾರಿಗಳ ಕಾಯಿಲೆಗೆ ಸುಲ್ತಾನನೇ ಔಷಧಿ, ಪಥ್ಯ ಬರೆದು ಕಳುಹಿಸಿದ ಉದಾಹರಣೆಗಳಿವೆ. ಹುಚ್ಚುನಾಯಿ ಕಚ್ಚಿದ ಗಾಯವನ್ನು ಬೇಗ ಮಾಯಲು ಬಿಡಬಾರದು, ಕೀವು ಸೋರಲು ಬಿಡಬೇಕು ಎಂಬುದು ಅವನ ಒಂದು ಸಲಹೆ. ಇದು ಅವನ ಸ್ವಂತ ಕಲ್ಪನೆಯಲ್ಲ. ವಿಷ ಒಳಗೆ ಇಳಿಯದಂತೆ ಗಾಯವನ್ನು ತೆರೆದಿಡಬೇಕೆಂದು ಗೇಲನ್, ಇಬ್ನ್ ಸೀನಾರ ಕಾಲದಿಂದ ಬಂದ ಪಾಠ. ಯೂರೋಪಿನ ವೈದ್ಯರಿಗೂ ಆಗ ಇದಕ್ಕಿಂತ ಹೆಚ್ಚು ತಿಳಿದಿರಲಿಲ್ಲ. ಪಾಶ್ಚರ್ ಲಸಿಕೆ ಬಂದದ್ದು 1885ರಲ್ಲಿ. ನಮ್ಮ ದಕ್ಷಿಣದ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆ ಆರಂಭವಾದದ್ದು 1907ರಲ್ಲಿ.

ಹೊಸದರ ಬಗ್ಗೆ ಸುಲ್ತಾನನಿಗೆ ಧಾರ್ಮಿಕ ಸಂಕೋಚವೇನೂ ಇರಲಿಲ್ಲ. ಪುದುಚೇರಿಯ ಫ್ರೆಂಚ್ ಗವರ್ನರ್ ಕಳುಹಿಸಿದ ಬಾರೋಮೀಟರಿನಲ್ಲಿ ಪಾದರಸ ಹಳತಾಗಿ ಕೆಲಸ ಮಾಡುತ್ತಿಲ್ಲ, ಹೊಸದನ್ನು ಕಳುಹಿಸಿ ಎಂದು 1786ರಲ್ಲಿ ಬರೆದ. 1787ರಲ್ಲಿ ಫ್ರಾನ್ಸಿಗೆ ಹೊರಟ ಅವನ ಮೂವರು ರಾಯಭಾರಿಗಳು ಮರುವರ್ಷ ಆಗಸ್ಟ್ 10ರಂದು ವರ್ಸೇಲ್ಸ್‌ನಲ್ಲಿ ಹದಿನಾರನೇ ಲೂಯಿಯನ್ನು ಕಂಡರು. ಅವರು ಕೇಳಿದ ಕುಶಲಕರ್ಮಿಗಳ ಪಟ್ಟಿಯಲ್ಲಿ ಫಿರಂಗಿ ಎರಕ ಹೊಯ್ಯುವವರು, ಗಡಿಯಾರ ಮಾಡುವವರ ಜೊತೆಗೆ ಒಬ್ಬ ವೈದ್ಯ ಮತ್ತು ಒಬ್ಬ ಶಸ್ತ್ರಚಿಕಿತ್ಸಕನೂ ಇದ್ದರು. ಇಂದಿನ ಪಾಂಡವಪುರದ ಹಳೆಯ ಹೆಸರೇ ಫ್ರೆಂಚ್ ರಾಕ್ಸ್. ಹೈದರ್-ಟಿಪ್ಪುಗಳ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಹಿರೋಡೆಯ ಬಂಡೆಗಳ ಬಳಿ ಬೀಡು ಬಿಟ್ಟಿದ್ದರಿಂದ ಬಂದ ಹೆಸರು. ಪರಂಗಿ ಡಾಕ್ಟರು ಈ ಸೀಮೆಗೆ ಬ್ರಿಟಿಷರ ಬೆನ್ನಿಗೇ ಬಂದವನಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳದಿದ್ದರೆ ಓದುಗರಿಗೆ ಮೋಸ ಮಾಡಿದಂತಾಗುತ್ತದೆ. ಶ್ರೀರಂಗಪಟ್ಟಣದಲ್ಲಿ ಸೆರೆಯಲ್ಲಿದ್ದ ಇಂಗ್ಲಿಷ್ ಹುಡುಗರಿಗೆ ಬಲವಂತದ ಸುನ್ನತಿ ಮಾಡಿಸುವ ಮೊದಲು ಮತ್ತು ಬರಿಸುವ ‘ಮಾಜೂನ್’ ತಿನ್ನಿಸಿದ್ದನ್ನು ಸೆರೆಯಾಳಾಗಿದ್ದ ಜೇಮ್ಸ್ ಸ್ಕರ್ರಿ ಬರೆದಿಟ್ಟಿದ್ದಾನೆ. ಮಾಜೂನ್ ಹಕೀಮರ ಔಷಧಿ ಡಬ್ಬಿಯದು.

ಕವಾಸ್‌ಜಿಯ ಮೂಗು

ಈ ಪಟ್ಟಣದ ಹೆಸರು ಜಗತ್ತಿನ ಶಸ್ತ್ರಚಿಕಿತ್ಸೆಯ ಇತಿಹಾಸದಲ್ಲಿ ಸೇರಿದ್ದು ಮಾತ್ರ ಯಾವ ಗ್ರಂಥದಿಂದಲೂ ಅಲ್ಲ, ಒಬ್ಬ ಎತ್ತು ಹೊಡೆಯುವವನ ಮೂಗಿನಿಂದ. 1792ರ ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತುಗಳನ್ನು ನೋಡಿಕೊಳ್ಳುತ್ತಿದ್ದ ಕವಾಸ್‌ಜಿ ಎಂಬ ಮರಾಠ ಟಿಪ್ಪುವಿನ ಕಡೆಯವರ ಕೈಗೆ ಸಿಕ್ಕಿಬಿದ್ದ. ಶತ್ರುವಿಗೆ ದುಡಿದ ತಪ್ಪಿಗೆ ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿದರು. ಆ ಸ್ಥಿತಿಯಲ್ಲೇ ಅವನು ಶ್ರೀರಂಗಪಟ್ಟಣದ ಬಳಿ ಬೀಡುಬಿಟ್ಟಿದ್ದ ಬೊಂಬಾಯಿ ಸೈನ್ಯವನ್ನು ಸೇರಿಕೊಂಡ. ಒಂದು ವರ್ಷಕ್ಕೂ ಮೇಲೆ ಮೂಗಿಲ್ಲದೆ ಬದುಕಿದ ನಂತರ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಜಾತಿಯ ಒಬ್ಬಾತ ಅವನಿಗೆ ಹೊಸ ಮೂಗು ಕೂರಿಸಿದ.

ಕೂರಿಸಿದ ಕ್ರಮ ಹೀಗೆ: ಮೇಣದ ತೆಳು ಹಾಳೆಯಲ್ಲಿ ಮೂಗಿನ ಆಕಾರ ಮಾಡಿ, ಅದನ್ನು ಬಿಡಿಸಿ ಹಣೆಯ ಮೇಲೆ ಚಪ್ಪಟೆಯಾಗಿಟ್ಟು ಸುತ್ತ ಗೆರೆ ಎಳೆಯುವುದು. ಆ ಗೆರೆಯ ಮೇಲೆ ಹಣೆಯ ಚರ್ಮವನ್ನು ಬಿಡಿಸಿ, ಎರಡು ಕಣ್ಣುಗಳ ನಡುವೆ ಒಂದು ಎಳೆ ಮಾತ್ರ ಅಂಟಿಕೊಂಡಿರುವಂತೆ ಉಳಿಸಿಕೊಂಡು, ಚರ್ಮವನ್ನು ತಿರುಚಿ ಕೆಳಕ್ಕೆ ತಂದು ಮೂಗಿನ ಜಾಗದಲ್ಲಿ ಕೂರಿಸುವುದು. ಆ ಎಳೆಯಲ್ಲಿ ರಕ್ತ ಹರಿಯುತ್ತಿರುವುದರಿಂದ ಚರ್ಮ ಸಾಯುವುದಿಲ್ಲ. ಹೊಸ ಮೂಗು ನೆಲೆಯೂರಿದ ಮೇಲೆ ಎಳೆಯನ್ನು ಕತ್ತರಿಸುವುದು. ಥಾಮಸ್ ಕ್ರೂಸೊ, ಜೇಮ್ಸ್ ಫಿಂಡ್ಲೆ ಎಂಬ ಇಬ್ಬರು ಇಂಗ್ಲಿಷ್ ವೈದ್ಯರು ಇದನ್ನು ಕಣ್ಣಾರೆ ನೋಡಿದರು. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಇದನ್ನು ಚಿತ್ರಸಹಿತ ಪ್ರಕಟಿಸಿತು. ಅದನ್ನೋದಿದ ಜೋಸೆಫ್ ಕಾರ್ಪ್ಯೂ 1814ರಲ್ಲಿ ಇಂಗ್ಲೆಂಡಿನಲ್ಲಿ ಇದೇ ಕ್ರಮದಿಂದ ಮೂಗು ಕಟ್ಟಿದ. ಆಧುನಿಕ ಪ್ಲಾಸ್ಟಿಕ್ ಸರ್ಜರಿಯ ಆರಂಭವನ್ನು ಇಲ್ಲಿಂದ ಗುರುತಿಸುವವರು ಅನೇಕರು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಸುಶ್ರುತನ ಗ್ರಂಥದಲ್ಲಿ ಮೂಗು ಕಟ್ಟುವ ವಿಧಾನವಿದೆ ನಿಜ. ಆದರೆ ಪುಣೆಯ ಆ ಇಟ್ಟಿಗೆಯವನು ಸಂಸ್ಕೃತ ಓದಿದವನಲ್ಲ. ಪಂಡಿತರೂ ಹಕೀಮರೂ ನಾಡಿ ಹಿಡಿದು ಕೂತರು. ಕತ್ತಿ ಹಿಡಿಯುವ ಕೆಲಸ ಕ್ಷೌರಿಕನಿಗೆ, ಕುಂಬಾರನಿಗೆ, ಹಕೀಮರ ಲೋಕದಲ್ಲಾದರೆ ‘ಜರ್ರಾಹ’ನಿಗೆ ಬಂತು. ಅವರ ವಿದ್ಯೆ ಕೈಯಿಂದ ಕೈಗೆ ಹೋಯಿತೇ ಹೊರತು ಕಪಾಟು ಸೇರಲಿಲ್ಲ. ಸುಲ್ತಾನನ 62 ಪುಸ್ತಕಗಳ ಪಟ್ಟಿ ನಮಗೆ ಸಿಗುತ್ತದೆ, ಆ ಇಟ್ಟಿಗೆಯವನ ಹೆಸರೂ ಸಿಗುವುದಿಲ್ಲ.

ಪಟ್ಟಣದ ಜ್ವರ

ಕೋಟೆ ಗೆದ್ದ ಇಂಗ್ಲಿಷರು ಶ್ರೀರಂಗಪಟ್ಟಣದಲ್ಲಿ ಹೆಚ್ಚು ದಿನ ನೆಮ್ಮದಿಯಾಗಿರಲಿಲ್ಲ. ಪಟ್ಟಣದ ಜ್ವರ ಸಿಪಾಯಿಗಳನ್ನೂ ಗೋರಾಗಳನ್ನೂ ಮಲಗಿಸಿತು. 1809ರಲ್ಲಿ ದಂಡು ಬೆಂಗಳೂರಿಗೆ ಹೋಯಿತು. ಬೆಂಗಳೂರು ಇಂದು ಬೆಂಗಳೂರಾಗಿರುವುದರಲ್ಲಿ ಕಾವೇರಿ ದಂಡೆಯ ಸೊಳ್ಳೆಗಳ ಪಾಲೂ ಇದೆ.

ಆದರೆ ಆಗ ಸೊಳ್ಳೆಯ ಮೇಲೆ ಯಾರಿಗೂ ಅನುಮಾನವಿರಲಿಲ್ಲ. ಕೊಳೆತ ಎಲೆ, ಜೌಗು ನೆಲದಿಂದೇಳುವ ಕೆಟ್ಟ ಗಾಳಿಯೇ ಜ್ವರಕ್ಕೆ ಕಾರಣ ಎಂದು ಇಂಗ್ಲಿಷ್ ಡಾಕ್ಟರರು ನಂಬಿದ್ದರು. ಹವೆ ಕೆಟ್ಟರೆ ಜ್ವರ ಎಂದೇ ಹಕೀಮರೂ ಹೇಳುತ್ತಿದ್ದರು. ಇಬ್ಬರೂ ರಕ್ತ ತೆಗೆಯುತ್ತಿದ್ದರು, ಭೇದಿಗೆ ಕೊಡುತ್ತಿದ್ದರು. ಇಬ್ಬರ ಅಜ್ಜನೂ ಒಬ್ಬನೇ, ಗೇಲನ್. ಆಧುನಿಕ ವೈದ್ಯ ಮತ್ತು ಸಾಂಪ್ರದಾಯಿಕ ವೈದ್ಯ ಎಂಬ ಗೋಡೆ 1800ರಲ್ಲಿ ಇರಲೇ ಇಲ್ಲ. ಅದು ಎದ್ದದ್ದು ಆ ಶತಮಾನದಲ್ಲಿ, ಒಂದೊಂದೇ ಇಟ್ಟಿಗೆಯಾಗಿ: ಸಿಡುಬಿನ ಲಸಿಕೆ, 1820ರಲ್ಲಿ ಬೇರ್ಪಡಿಸಿದ ಕ್ವಿನೈನ್, ಪಾಶ್ಚರನ ಕ್ರಿಮಿ ಸಿದ್ಧಾಂತ, ಸೊಳ್ಳೆಯಲ್ಲಿ ಮಲೇರಿಯಾದ ಕ್ರಿಮಿಯನ್ನು 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡ ರೊನಾಲ್ಡ್ ರಾಸ್. ರಾಸ್ ಅದಕ್ಕೆ ಮುಂಚೆ ಬೆಂಗಳೂರಿನಲ್ಲೂ ಕೆಲಸ ಮಾಡಿದ್ದ.

ಸಿಡುಬಿನ ಲಸಿಕೆ ಬೊಂಬಾಯಿಗೆ ಬಂದದ್ದು 1802ರ ಜೂನ್‌ನಲ್ಲಿ. ಮೈಸೂರಿನಲ್ಲಿ ಅದಕ್ಕೆ ಅರಮನೆಯೇ ದಾರಿ ಮಾಡಿಕೊಟ್ಟಿತು. 1805ರ ಸುಮಾರಿಗೆ ಥಾಮಸ್ ಹಿಕ್ಕಿ ಬರೆದ ಮೂವರು ಹೆಂಗಸರ ಚಿತ್ರವೊಂದಿದೆ. ಬಹುಕಾಲ ಅವರನ್ನು ನರ್ತಕಿಯರೆಂದೇ ತಿಳಿದಿದ್ದರು. ಅವರು ಮೈಸೂರಿನ ರಾಣಿಯರು, ಒಬ್ಬಾಕೆ ಸೀರೆ ಸರಿಸಿ ತೋರಿಸುತ್ತಿರುವುದು ಲಸಿಕೆ ಹಾಕಿಸಿಕೊಂಡ ತೋಳು, ಪ್ರಜೆಗಳಲ್ಲಿ ಧೈರ್ಯ ತುಂಬಲೆಂದೇ ಚಿತ್ರ ಬರೆಸಿದ್ದು ಎಂಬುದು ಸಂಶೋಧಕ ನೈಜೆಲ್ ಚಾನ್ಸಲರ್ ವಾದ. ಮೈಲಿಗೆ, ಮಾರಮ್ಮನ ಕೋಪ ಎಂಬ ಭಯಗಳು ಇದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಹೊಸ ವೈದ್ಯದ ಅನುಮಾನ ಯಾವ ಒಂದು ಧರ್ಮದ ಸ್ವತ್ತೂ ಆಗಿರಲಿಲ್ಲ.

ಆ ಅನುಮಾನ ಬೆಂಕಿಯಾದದ್ದು ಪ್ಲೇಗ್ ಬಂದಾಗ. 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಬಂದ ಪ್ಲೇಗ್ ರೈಲಿನ ಜೊತೆಗೆ ಮೈಸೂರಿನ ಕಡೆಗೂ ಇಳಿಯಿತು. ಮನೆ ನುಗ್ಗಿ ತಪಾಸಣೆ, ರೋಗಿಯನ್ನು ಎಳೆದೊಯ್ದು ಪ್ರತ್ಯೇಕ ಶಿಬಿರಕ್ಕೆ ಹಾಕುವುದು, ಹೆಣ ಮುಟ್ಟುವುದಕ್ಕೂ ಬಿಡದಿರುವುದು. ಅದೇ ವರ್ಷದ ಕೊನೆಯಲ್ಲಿ ಶ್ರೀರಂಗಪಟ್ಟಣದ ಗಂಜಾಂನಲ್ಲಿ ಜನ ದಂಗೆ ಎದ್ದರು. ಹೆಂಗಸರ ಮೈಮುಟ್ಟಿ ಪರೀಕ್ಷಿಸುತ್ತಾರೆಂಬ ಸಿಟ್ಟು ಗೋಷಾದಲ್ಲಿದ್ದ ಮುಸ್ಲಿಂ ಮನೆಗಳಲ್ಲಿ ಎಷ್ಟಿತ್ತೋ ಒಕ್ಕಲಿಗರ, ಬ್ರಾಹ್ಮಣರ ಮನೆಗಳಲ್ಲೂ ಅಷ್ಟೇ ಇತ್ತು.

ಧರ್ಮದ ಮಾತಿಗೆ ಬಂದರೆ, ಪ್ಲೇಗಿನಲ್ಲಿ ಊರು ಮುಚ್ಚುವುದಕ್ಕೆ ಇಸ್ಲಾಮಿನಲ್ಲಿ ವಿರೋಧವಿಲ್ಲ, ಆಧಾರವೇ ಇದೆ. ಪಿಡುಗು ಇರುವ ಊರಿಗೆ ಹೋಗಬೇಡಿ, ನೀವಿರುವ ಊರಿಗೆ ಪಿಡುಗು ಬಂದರೆ ಬಿಟ್ಟು ಓಡಬೇಡಿ ಎಂಬುದು ಹದೀಸಿನ ಸಾರಾಂಶ. ಸುಮಾರು 639ರಲ್ಲಿ ಸಿರಿಯಾದಲ್ಲಿ ಪ್ಲೇಗ್ ಹಬ್ಬಿದ ಸುದ್ದಿ ತಿಳಿದು ಖಲೀಫ ಉಮರ್ ಅರ್ಧದಾರಿಯಿಂದ ಹಿಂತಿರುಗಿದರು. ದೇವರ ವಿಧಿಯಿಂದ ತಪ್ಪಿಸಿಕೊಳ್ಳುತ್ತೀರಾ ಎಂದು ಸೇನಾಪತಿ ಕೇಳಿದಾಗ, ಹೌದು, ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇನೆ ಎಂಬರ್ಥದ ಉತ್ತರ ಕೊಟ್ಟರು. ದೆಹಲಿಯ ಹಕೀಂ ಅಜ್ಮಲ್ ಖಾನ್ 1897ರಲ್ಲೇ ಪ್ಲೇಗ್ ಕುರಿತು ಕಿರುಗ್ರಂಥ ಬರೆದರು. ಯುನಾನಿ ಉಳಿಯಬೇಕಾದರೆ ಪ್ರಯೋಗಶಾಲೆಗೆ ಹೋಗಲೇಬೇಕು ಎಂದು ಹಟ ಹಿಡಿದವರು ಅವರು. ಹುಚ್ಚಿಗೆಂದು ಹಳ್ಳಿಗರು ಕೊಡುತ್ತಿದ್ದ ಸರ್ಪಗಂಧದ ಬೇರಿನಿಂದ ಅವರು ನೇಮಿಸಿದ್ದ ರಸಾಯನಶಾಸ್ತ್ರಜ್ಞ ಸಲೀಮುಜ್ಜಮಾನ್ ಸಿದ್ದೀಕಿ 1931ರಲ್ಲಿ ಬೇರ್ಪಡಿಸಿದ ಒಂದು ವಸ್ತುವಿಗೆ ‘ಅಜ್ಮಲೀನ್’ ಎಂದೇ ಹೆಸರು. ಹೃದಯದ ಬಡಿತ ತಪ್ಪಿದಾಗ ಕೊಡುವ ಔಷಧಿ ಅದು. ಅದೇ ಬೇರಿನಿಂದ 1952ರಲ್ಲಿ ರಕ್ತದೊತ್ತಡಕ್ಕೆ ‘ರಿಸರ್ಪಿನ್’ ಸಿಕ್ಕಿತು.

ಮೈಸೂರು ಸಂಸ್ಥಾನ ಈ ವಿಷಯದಲ್ಲಿ ಹಿಂದೆ ಬೀಳಲಿಲ್ಲ. ಮೈಸೂರಿನಲ್ಲಿ 1908ರಲ್ಲಿ ಆರಂಭವಾದ ಆಯುರ್ವೇದ ಕಾಲೇಜಿಗೆ 1928ರಲ್ಲಿ ಯುನಾನಿಯೂ ಸೇರಿತು. ಪಂಡಿತರೂ ಹಕೀಮರೂ ಒಂದೇ ಸೂರಿನಡಿ ಪಾಠ ಹೇಳಿದರು. ಹೆಚ್ಚುಕಮ್ಮಿ ಅದೇ ವರ್ಷಗಳಲ್ಲಿ ಸಂಸ್ಥಾನ ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಅಧ್ಯಯನವನ್ನೂ ಶುರುಮಾಡಿತು. ಇಂದು ಬೆಂಗಳೂರಿನ ಮಾಗಡಿ ರಸ್ತೆಯ ಕೊಟ್ಟಿಗೆಪಾಳ್ಯದಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯಿದೆ.

ತಾಯತದ ಲೆಕ್ಕ

ಪುಸ್ತಕ, ಕಾಲೇಜುಗಳ ಮಾತಾಯಿತು. ಊರಿನ ಮಾತೇ ಬೇರೆ. ಹಿಂದೆ ಅತ್ತಿಕುಪ್ಪೆ ಎನಿಸಿಕೊಂಡಿದ್ದ ಕೃಷ್ಣರಾಜಪೇಟೆಯ ಕಡೆ ಮಗು ರಾತ್ರಿ ಬೆಚ್ಚಿಬಿದ್ದರೆ ‘ಸಾಬರ ಹತ್ರ ಊದಿಸ್ಕೊಂಡು ಬಾ’ ಎನ್ನುವುದು ಒಕ್ಕಲಿಗರ ಮನೆಯ ಅಜ್ಜಿಯೇ. ಕಾಮಾಲೆಗೆ ನಾಟಿ ಔಷಧಿ, ಮುರಿದ ಮೂಳೆಗೆ ಕಟ್ಟು, ಭಯಕ್ಕೆ ತಾಯತ. ದಖನಿ ಮುಸ್ಲಿಮರ ಆಚಾರಗಳನ್ನು ಕುರಿತು 1832ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಜಾಫರ್ ಷರೀಫರ ‘ಕಾನೂನೆ ಇಸ್ಲಾಂ’ನಲ್ಲಿ ಈ ತಾಯತ, ದೆವ್ವ ಬಿಡಿಸುವ ವಿದ್ಯೆಗಳಿಗೆ ಪುಟಗಟ್ಟಲೆ ಜಾಗವಿದೆ.

ಇದನ್ನು ಇಸ್ಲಾಂ ಒಪ್ಪುತ್ತದೆಯೇ ಎಂದರೆ, ಯಾರನ್ನು ಕೇಳುತ್ತೀರಿ ಎಂಬುದರ ಮೇಲೆ ಉತ್ತರ. ಕುರಾನಿನ ವಾಕ್ಯ ಓದಿ ಊದುವುದನ್ನು ಹೆಚ್ಚಿನವರು ಒಪ್ಪುತ್ತಾರೆ, ಗುಣ ಕೊಡುವವನು ದೇವರೇ ಹೊರತು ಓದುವವನಲ್ಲ ಎಂಬ ಷರತ್ತಿನ ಮೇಲೆ. ಕುತ್ತಿಗೆಗೆ ತಾಯತ ಕಟ್ಟುವುದರಲ್ಲಿ ಒಡಕಿದೆ. ಬರೇಲ್ವಿಗಳು ಸಲೀಸಾಗಿ, ದೇವಬಂದಿಗಳು ಷರತ್ತಿನೊಡನೆ ಒಪ್ಪುತ್ತಾರೆ. ಅಹ್ಲೆ ಹದೀಸ್‌ನವರು ಅದು ದೇವರಿಗೆ ಸಮನಾಗಿ ಇನ್ನೊಂದನ್ನು ನಿಲ್ಲಿಸಿದಂತೆ ಎಂದು ಬಿಡಿಸುತ್ತಾರೆ. ಒಂದು ವಿಷಯದಲ್ಲಿ ಮಾತ್ರ ಜಗಳವಿಲ್ಲ. ಪ್ರಾರ್ಥನೆಯ ನೆಪದಲ್ಲಿ ಔಷಧಿ ಬಿಡಿ ಎಂದು ಪ್ರಮುಖ ಪಂಥಗಳಾವುವೂ ಹೇಳುವುದಿಲ್ಲ. ಒಂಟೆಯನ್ನು ಮೊದಲು ಕಟ್ಟು, ಆಮೇಲೆ ದೇವರ ಮೇಲೆ ಭಾರ ಹಾಕು ಎಂಬ ಪ್ರವಾದಿಯವರ ಬುದ್ಧಿಮಾತನ್ನು ಮೌಲಾನಾಗಳು ಈ ಸಂದರ್ಭದಲ್ಲಿ ನೆನಪಿಸುತ್ತಾರೆ.

ಹೊಸ ಪ್ರಶ್ನೆಗಳಿಗೂ ಧರ್ಮಶಾಸ್ತ್ರಜ್ಞರು ಉತ್ತರ ಹುಡುಕಿದ್ದಾರೆ. ಜಿದ್ದಾದ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ 1986ರಲ್ಲಿ ಕೃತಕ ಉಸಿರಾಟದ ಯಂತ್ರಗಳನ್ನು ಯಾವಾಗ ತೆಗೆಯಬಹುದೆಂದು ಚರ್ಚಿಸಿತು, 1988ರಲ್ಲಿ ಷರತ್ತುಗಳೊಂದಿಗೆ ಅಂಗಾಂಗ ಕಸಿಗೆ ಒಪ್ಪಿಗೆ ಕೊಟ್ಟಿತು. ಪ್ರಾಣ ಉಳಿಸುವ ಅಗತ್ಯ ಬಂದಾಗ ನಿಷೇಧ ಸಡಿಲವಾಗುತ್ತದೆ ಎಂಬ ಹಳೆಯ ನ್ಯಾಯವೇ ಇವಕ್ಕೆಲ್ಲ ಆಧಾರ.

ಹಾಗಿದ್ದರೆ ಅನಾಹುತ ಆಗುವುದೆಲ್ಲಿ? 2001ರ ಆಗಸ್ಟ್ 6ರ ಬೆಳಗಿನ ಜಾವ ತಮಿಳುನಾಡಿನ ಏರ್ವಾಡಿಯಲ್ಲಿ ಆದದ್ದನ್ನು ಮರೆಯಬಾರದು. ಅಲ್ಲಿನ ದರ್ಗಾದ ಹೆಸರಿನಲ್ಲಿ ಸುತ್ತಮುತ್ತ ಎದ್ದಿದ್ದ ಖಾಸಗಿ ಆಶ್ರಯ ಗುಡಿಸಲೊಂದಕ್ಕೆ ಬೆಂಕಿ ಬಿದ್ದು 28 ಮಾನಸಿಕ ರೋಗಿಗಳು ಸತ್ತರು. ಸರಪಳಿ ಬಿಗಿದಿದ್ದರಿಂದ ಅವರು ಓಡಲಾಗಲಿಲ್ಲ. ಅವರಲ್ಲಿ ಎಲ್ಲ ಧರ್ಮದವರಿದ್ದರು. ಮಾನಸಿಕ ರೋಗಿಗೆ ಸರಪಳಿ ಹಾಕುವುದನ್ನು 2017ರ ಕಾನೂನು ಈಗ ನಿಷೇಧಿಸಿದೆ. ಈ ದುರಂತದ ನಂತರ ಸೂಕ್ಷ್ಮವಾದ ಒಂದು ದಾರಿಯನ್ನೂ ಕೆಲವರು ಹುಡುಕಿದರು. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ, ಆಮೇಲೆ ಏರ್ವಾಡಿಯಲ್ಲೂ, ‘ದವಾ-ದುವಾ’ ಎಂಬ ಕಾರ್ಯಕ್ರಮ ಬಂತು. ಪ್ರಾರ್ಥನೆ ಮಾಡಿಸುವ ಮುಜಾವರನೇ ರೋಗಿಯನ್ನು ಪಕ್ಕದ ಮನೋವೈದ್ಯನ ಬಳಿಗೂ ಕಳುಹಿಸುತ್ತಾನೆ. ತಾಯತವನ್ನು ಕಿತ್ತೊಗೆಯಿರಿ ಎಂದು ಭಾಷಣ ಮಾಡುವುದಕ್ಕಿಂತ ಇದು ಹೆಚ್ಚು ಜನರನ್ನು ಆಸ್ಪತ್ರೆಯ ಬಾಗಿಲಿಗೆ ತಂದೀತು ಎಂಬುದು ಈ ಲೇಖಕನ ಅಭಿಪ್ರಾಯ. ಆದರೆ ಹುಚ್ಚುನಾಯಿ ಕಡಿತದಂಥ ವಿಷಯದಲ್ಲಿ ಈ ಸಮಾಧಾನಕ್ಕೂ ಜಾಗವಿಲ್ಲ. ಸೋಪು ನೀರಿನಲ್ಲಿ ತಡಮಾಡದೆ ಗಾಯ ತೊಳೆದು ಅಂದೇ ಲಸಿಕೆ ಶುರುಮಾಡಬೇಕು. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಸುಲ್ತಾನನ ಸಲಹೆಯೂ ಇಲ್ಲ, ಡಾಕ್ಟರರ ಔಷಧಿಯೂ ಇಲ್ಲ.

ಈ ಲೇಖನಕ್ಕಾಗಿ ತಿರುಗಾಡುತ್ತಿದ್ದಾಗ ಈ ತಾಲ್ಲೂಕುಗಳ ಒಂದು ಸಣ್ಣ ಮಸೀದಿಯ ಮುಂದೆ ಮಗ್ರಿಬ್ ನಮಾಜಿನ ಹೊತ್ತಿಗೆ ನಿಂತಿದ್ದೆ. ನೀರಿನ ಬಾಟಲಿ ಹಿಡಿದು ಹತ್ತಾರು ಹೆಂಗಸರು ಬಾಗಿಲ ಬಳಿ ಸಾಲಾಗಿ ನಿಂತಿದ್ದರು. ಅರ್ಧಕ್ಕರ್ಧ ಹಣೆಗಳಲ್ಲಿ ಕುಂಕುಮವಿತ್ತು. ನಮಾಜು ಮುಗಿಸಿ ಹೊರಬಂದವರು ಒಬ್ಬೊಬ್ಬರಾಗಿ ಬಾಟಲಿಗಳಿಗೆ ಊದುತ್ತಾ ಹೋದರು. ಕೊನೆಗೆ ಬಂದ ವಯಸ್ಸಾದ ಇಮಾಮರು ಒಂದು ಕೂಸಿನ ಹಣೆ ಮುಟ್ಟಿ ನೋಡಿ ಕೈ ಹಿಂದೆಗೆದರು.

‘ಏನವ್ವ, ಮೈ ಸುಡ್ತಾ ಇದೆಯಲ್ಲ. ಆಸ್ಪತ್ರೆಗೆ ತೋರಿಸಿದ್ಯಾ?’

‘ಇಲ್ಲ ಸಾಬ್ರೆ, ನಾಳೀಕೆ ಹೋಗವಾ ಅಂತ.’

‘ನಾಳೆ ಬೇಡ. ಈಗ್ಲೇ ಹೋಗು. ಆಟೋದವನಿಗೆ ನಾನು ಹೇಳ್ತೀನಿ’ ಎಂದರು. ಆಮೇಲೆ ಬಾಟಲಿ ತೆಗೆದುಕೊಂಡು, ಕಣ್ಣು ಮುಚ್ಚಿ ಏನೋ ಓದಿ, ಊದಿ ಕೊಟ್ಟರು.